ಅಮೀನನನ್ನು ಕರೆದವರು ಯಾರು

ನನ್ನ ಮೊಮ್ಮಗಳು ದಿಯಾ ನನ್ನಿಂದ ಪಾಠ ಹೇಳಿಸಿಕೊಂಡಳು. ಈ ಸುದ್ದಿಯನ್ನು ಅಬು ಹಲೀಫಾದ ನಮ್ಮ ಕಟ್ಟಡದ ಕಾವಲಿನವನಿಂದ ಹಿಡಿದು ಊರಿನಲ್ಲಿರುವ ನನ್ನ ತಂಗಿಯವರೆಗೆ ಸಿಕ್ಕಿದವರಿಗೆಲ್ಲ ಹೇಳಿ ಆಗಿದೆ. ಕಾವಲಿನವನು ಈಜಿಪ್ಟಿನವನು, ಅವನಿಗೆ ನನ್ನ ಭಾಷೆ ತಿಳಿಯದು, ಆದರೂ ತಲೆ ಆಡಿಸಿ ನಕ್ಕ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು ನಾನು. ಕೂಡಿಸುವುದು ಬರುತ್ತದೆ, ಕಳೆಯುವುದು ಬೆರಳು ಮಡಚಿದರೆ ಬರುತ್ತದೆ, ಕನ್ನಡ ಓದಲು ಬರೆಯಲು ಅಡ್ಡಿಯಿಲ್ಲ, ಅಷ್ಟೆ. ದಿಯಾ ಹುಟ್ಟುವಾಗ ಮಗಳ ಬಾಣಂತನಕ್ಕೆಂದು ಕುವೈಟಿಗೆ ಬಂದವಳು, ವೀಸಾ ಮುಗಿದಾಗ ಹೋಗಿ, ಸಿಕ್ಕಿದಾಗ ಬಂದು, ಅವಳ ಹನ್ನೆರಡು ವರ್ಷವನ್ನು ತುಂಡು ತುಂಡಾಗಿ ನೋಡಿದ್ದೇನೆ. ನನ್ನ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಂಥವಳು ಮೊನ್ನೆ, ನಾನು ಅಡುಗೆಮನೆಯಲ್ಲಿ ಬೂತಾಯಿ ಮೀನಿನ ತಲೆ ಚಿವುಟುತ್ತಾ ಕೂತಿದ್ದಾಗ, ಪುಸ್ತಕ ಎದೆಗೊತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಒಂದೊಂದೇ ಮಾತನ್ನು ಹುಡುಕಿ, ಜೋಡಿಸಿ, ಕನ್ನಡದಲ್ಲಿ ಕೇಳಿದಳು.

"ಅಜ್ಜಿ, ನೀವು ಚಿಕ್ಕ ಇರುವಾಗ, ನಿಮ್ಮ ಮನೆಗೆ ರಾಜ ಯಾರು?"

ಮೀನಿನ ಕೈಯಲ್ಲೇ ಅವಳ ಗಲ್ಲ ಹಿಡಿದೆ. ಅವಳು ಮುಖ ಹಿಂಡಿದಳೇ ಹೊರತು ಓಡಲಿಲ್ಲ. ಶಾಲೆಯಲ್ಲಿ ಅವಳಿಗೆ ಚರಿತ್ರೆಯ ಪಾಠ ನಡೆಯುತ್ತಿತ್ತು. ಹಿಂದಿನ ಕಾಲದ ರಾಜ್ಯಗಳಲ್ಲಿ ಧರ್ಮವೂ ಆಡಳಿತವೂ ಹೇಗೆ ಕೂಡಿಕೊಂಡಿದ್ದವು, ಮನೆಯ ಹಿರಿಯರಿಂದ ಅಂಥ ಒಂದು ಉದಾಹರಣೆ ಕೇಳಿ ಬರೆದು ತನ್ನಿ ಎಂದು ಟೀಚರು ಹೇಳಿದ್ದರಂತೆ. ಮಗಳು ಶಶಿ ಪುಸ್ತಕ ನೋಡಿ ನನಗೆ ಬಿಡಿಸಿ ಹೇಳಿದಳು. ಚೀನಾದ ರಾಜನಿಗೆ ಆಕಾಶವೇ ಅಪ್ಪಣೆ ಕೊಡುತ್ತಿತ್ತಂತೆ. ಚೋಳರ ರಾಜರು ದೇವಸ್ಥಾನ ಕಟ್ಟಿ, ಊರಿನ ಲೆಕ್ಕಾಚಾರವನ್ನೆಲ್ಲ ಅದರ ಗೋಡೆಯ ಮೇಲೆ ಕೊರೆಸುತ್ತಿದ್ದರಂತೆ. ದಿಲ್ಲಿಯ ಸುಲ್ತಾನ ಎಷ್ಟೇ ದೊಡ್ಡವನಾಗಲಿ, ದೂರದ ಖಲೀಫನ ಹೆಸರನ್ನು ನಾಣ್ಯದ ಮೇಲೆ ಹಾಕಿಸುತ್ತಿದ್ದನಂತೆ. ಶುಕ್ರವಾರದ ಪ್ರವಚನದಲ್ಲಿ ಯಾರ ಹೆಸರು ಹೇಳುತ್ತಾರೋ ಅವನೇ ಆ ಊರಿಗೆ ದೊರೆ, ಹೆಸರು ಬಿಟ್ಟರೋ ಅವನ ಆಳ್ವಿಕೆ ಮುಗಿದಂತೆ. ಈ ಕೊನೆಯ ಮಾತು ಕೇಳಿದಾಗ ನನ್ನ ಕೈಯಲ್ಲಿದ್ದ ಮೀನು ಪಾತ್ರೆಗೆ ಬಿತ್ತು. ಉಳಿದದ್ದೆಲ್ಲ ನನಗೆ ದೂರದ ಕತೆ. ಹೆಸರು ಕರೆಯುವುದು, ಬಿಡುವುದು, ಇದನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ಬಾಯಿಂದ ಬಿದ್ದ ಒಂದು ಮಾತಿನಿಂದ ಒಂದು ಮನೆಯ ಹೆಸರು ಕರೆಯುವುದು ನಿಂತುಹೋಗಿದೆ. ಆ ಮನೆಯವರ ಎದುರು ಅದನ್ನು ಒಪ್ಪಿಕೊಳ್ಳದೆ ನಾನು ಎಪ್ಪತ್ತು ದಾಟಿದ್ದೆ.

ನಾನು ಬೆಳೆದದ್ದು ತಾಯಿಯ ತವರಿನಲ್ಲಿ, ತುಳುನಾಡಿನ ಒಂದು ಗುತ್ತಿನ ಮನೆಯಲ್ಲಿ. ಗುತ್ತು ಎಂದರೆ ಸುತ್ತಿನ ಊರಿಗೆ ಯಜಮಾನಿಕೆಯ ಮನೆ. ಎದುರಿಗೆ ಚಾವಡಿ, ಅದರ ಕಂಬಗಳು ಎಷ್ಟು ದಪ್ಪವೆಂದರೆ ನಾನು ತಬ್ಬಿದರೆ ಕೈಗೆ ಕೈ ಸಿಗುತ್ತಿರಲಿಲ್ಲ. ಚಾವಡಿಯ ಬಲಕ್ಕೆ ದೈವದ ಕೋಣೆ. ಅದರ ಹೆಸರನ್ನು ಸುಮ್ಮನೆ ಹೇಳುವ ವಾಡಿಕೆ ನಮ್ಮಲ್ಲಿಲ್ಲ. ರಾಜನ್ ದೈವ ಎನ್ನುತ್ತಿದ್ದೆವು. ಒಳಗೆ ಸರಪಳಿಯಲ್ಲಿ ತೂಗುವ ಒಂದು ಮಂಚ, ಅದರ ಮೇಲೆ ಬೆಳ್ಳಿಯ ಕತ್ತಿ, ಗಂಟೆ, ಚವರಿ. ಯಾರೂ ಮುಟ್ಟದಿದ್ದರೂ ಆ ಸರಪಳಿ ಒಮ್ಮೊಮ್ಮೆ ಕಿರ್ ಎನ್ನುತ್ತಿತ್ತು. ಆಗ ಅಡುಗೆಮನೆಯಲ್ಲಿ ಗಂಜಿ ಬಡಿಸುತ್ತಿದ್ದ ಅಮ್ಮನ ಕೈಯೂ ಒಂದು ಕ್ಷಣ ನಿಲ್ಲುತ್ತಿತ್ತು. ನಾವು ಮಕ್ಕಳು ಕುಚ್ಚಲಕ್ಕಿ ಗಂಜಿಗೆ ಒಣಮೀನಿನ ಚಟ್ನಿ ಸೇರಿಸಿಕೊಂಡು, ಶಬ್ದ ಮಾಡದೆ ಉಣ್ಣುತ್ತಿದ್ದೆವು. ಜೋರಾಗಿ ಸುರಿದರೆ ದೊಡ್ಡಮಾವನಿಗೆ ಕೇಳಿಸುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ದೊಡ್ಡಮಾವ ನನ್ನ ಅಮ್ಮನ ಹಿರಿಯ ಅಣ್ಣ, ಮನೆಯ ಯಜಮಾನ. ಅವರು ಚಾವಡಿಯ ಪೀಠದಲ್ಲಿ ಕೂತು ಹೇಳಿದ್ದು ಊರಿಗೆ ತೀರ್ಪು. ಆದರೆ ಪೀಠ ಅವರದಲ್ಲ. ದೈವದ ಎದುರು ಗಡಿ ಹಿಡಿದು, ಎಂದರೆ ಯಜಮಾನಿಕೆಯ ಪಟ್ಟ ಹೊತ್ತು, ನಿನ್ನ ಹೆಸರಿನಲ್ಲಿ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡ ಮೇಲೆಯೇ ಅವರು ಅದರ ಮೇಲೆ ಕೂತದ್ದು. ಬೇಲಿ ಜಗಳ, ನೀರಿನ ತಕರಾರು, ಗಂಡ ಬಿಟ್ಟವಳ ದೂರು, ಎಲ್ಲವೂ ಆ ಚಾವಡಿಗೆ ಬರುತ್ತಿದ್ದವು. ದೊಡ್ಡಮಾವನಿಂದ ಆಗದಿದ್ದರೆ ದೈವ ಹೇಳುತ್ತಿತ್ತು. ದೈವ ಹೇಳಿದ ಮೇಲೆ ಕೋರ್ಟಿಗೂ ಅಲ್ಲಿ ಜಾಗ ಇರಲಿಲ್ಲ.

ವರ್ಷಕ್ಕೊಮ್ಮೆ ಅಂಗಳದಲ್ಲಿ ತಂಬಿಲ. ದೈವಕ್ಕೆ ಮನೆಯವರು ಕೊಡುವ ಸೇವೆ ಅದು, ಮಧ್ಯಾಹ್ನ ಇಳಿದ ಮೇಲೆ ಶುರುವಾಗುತ್ತಿತ್ತು. ಪಾತ್ರಿ ಎಂದರೆ ದೈವ ಮೈಮೇಲೆ ಬರುವವನು. ಉಳಿದ ದಿನ ನಮ್ಮ ಗದ್ದೆಯಂಚಿನಲ್ಲೇ ಬೀಡಿ ಸೇದುತ್ತಾ ಹೋಗುವ ಮನುಷ್ಯ. ಅಂದು ಅವನು ಕತ್ತಿ ಹಿಡಿದು ನಡುಗಲು ತೊಡಗಿದನೆಂದರೆ ದೊಡ್ಡಮಾವನೇ ಕೈಮುಗಿದು ಏಕವಚನ ಬಿಡುತ್ತಿದ್ದರು. ಮೊದಲಿಗೆ ಕರೆ. ಪಾತ್ರಿ ಒಂದೊಂದೇ ಮನೆಯನ್ನು ಕ್ರಮದಲ್ಲಿ ಕರೆಯುತ್ತಿದ್ದ, ಆಯಾ ಮನೆಯವರು ಇದ್ದೇವೆ ಎಂದು ಉತ್ತರ ಕೊಡಬೇಕು. ಗುತ್ತಿನ ದೊಡ್ಡವರೇ ಎಂದರೆ ದೊಡ್ಡಮಾವ. ಬರ್ಕೆಯವರೇ, ಮೂಡುಮನೆಯವರೇ ಎಂದು ಮುಂದುವರಿದು, ಎಣ್ಣೆಯ ಮನೆಯವರೇ ಎನ್ನುವಾಗ ಅಂಗಳದ ಅಂಚಿನಲ್ಲಿ ತಲೆಗೆ ಬಿಳಿ ವಸ್ತ್ರ ಸುತ್ತಿದ ಅದ್ರಾಮ ಬ್ಯಾರಿ ತಗಡಿನ ಡಬ್ಬ ಕೆಳಗಿಟ್ಟು, ಇದ್ದೇವೆ ಎನ್ನುತ್ತಿದ್ದರು. ಆಮೇಲೆ ದೀಟಿಗೆ ಹಿಡಿಯುವವರು. ದೈವದ ಪಂಜಿಗೆ ಎಣ್ಣೆ ಬ್ಯಾರಿಯವರ ಮನೆಯದ್ದೇ ಆಗಬೇಕು ಎಂಬುದು ಯಾರೂ ಬರೆದಿಡದ ಕಟ್ಟು. ಅವರು ಐದು ಹೊತ್ತು ನಮಾಜು ಮಾಡುವವರು. ನಮ್ಮ ದೈವವನ್ನು ಅವರು ದೇವರೆಂದು ಪೂಜಿಸುತ್ತಿರಲಿಲ್ಲ, ಊರಿನ ದೊರೆ ಎಂದು ಮರ್ಯಾದೆ ಕೊಡುತ್ತಿದ್ದರು. ಯಾರಿಗೂ ಅದರಲ್ಲಿ ತೊಡಕು ಕಂಡಿರಲಿಲ್ಲ. ಆದರೆ ಅದೇ ಅದ್ರಾಮ ಬ್ಯಾರಿಗೆ ಬಾಯಾರಿದರೆ ನಮ್ಮ ಜಗಲಿಯ ಕೆಳಗೆ ನಿಂತು ಬೊಗಸೆ ಒಡ್ಡಬೇಕಿತ್ತು, ಅಮ್ಮ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಅದರಲ್ಲೂ ಯಾರಿಗೂ ತೊಡಕು ಕಂಡಿರಲಿಲ್ಲ.

ಅವರ ಮಗಳು ಐಸು ನನ್ನ ಜೊತೆಯವಳು. ನಮ್ಮ ಗದ್ದೆ ದಾಟಿ ಬೇಲಿಯ ತಡಮೆ ಹತ್ತಿ ಇಳಿದರೆ ಅವರ ಮನೆ. ಸಂಜೆ ಅಮ್ಮನ ಕಣ್ಣು ತಪ್ಪಿಸಿ ನಾನು ಅಲ್ಲಿಗೆ ಓಡುತ್ತಿದ್ದೆ. ಐಸುವಿನ ಉಮ್ಮ ನನಗೆ ಅಕ್ಕಿಯ ರೊಟ್ಟಿ ಪತ್ತಿರ್ ಕೊಡುತ್ತಿದ್ದರು, ತಿಂದದ್ದು ಗೊತ್ತಾಗದಿರಲಿ ಎಂದು ಬಾಯಿ ಒರೆಸಿ ಕಳಿಸುತ್ತಿದ್ದರು. ಸಂಜೆಯ ಮಗರಿಬ್ ನಮಾಜು ಆದ ಮೇಲೆ ಅದ್ರಾಮ ಬ್ಯಾರಿ ಚಾಪೆಯ ಮೇಲೆ ಕೂತು ಕೈ ಎತ್ತಿ ಏನೋ ಬೇಡಿಕೊಳ್ಳುತ್ತಿದ್ದರು. ಅವರು ನಿಲ್ಲಿಸಿದಲ್ಲೆಲ್ಲ ಉಮ್ಮ, ಐಸು, ಅವಳ ಅಣ್ಣ ಎಲ್ಲ ಸೇರಿ ಆಮೀನ್ ಎನ್ನುತ್ತಿದ್ದರು. ಕೊನೆಯಲ್ಲಿ ಅವರೂ ಎನ್ನುತ್ತಿದ್ದರು. ನಾನು ಬಾಗಿಲ ಹೊರಗೆ ಕೂತು ಕೇಳುತ್ತಿದ್ದೆ. ಅದು ಬೇಡಿಕೆಯ ಕೊನೆಗೆ ಹೇಳುವ ಮಾತು ಎಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಕೆಂದರೆ ನನಗೆ ಆ ಹೆಸರಿನವನು ಗೊತ್ತಿದ್ದ.

ನಮ್ಮ ಮನೆಯಲ್ಲಿ ಆ ವರ್ಷವೆಲ್ಲ ಅಮೀನನದ್ದೇ ಮಾತು. ಸಣ್ಣಮಾವ, ದೊಡ್ಡಮಾವನ ತಮ್ಮ, ಮನೆಯಲ್ಲಿ ಪಾಲು ಕೇಳಿ ಕೋರ್ಟಿಗೆ ಹೋಗಿದ್ದರು. ಪಾಲಿಗಿಂತ ಹೆಚ್ಚಿನ ಸಿಟ್ಟು ಕರೆಯದ್ದು, ಅದು ಈಗ ನನಗೆ ತಿಳಿಯುತ್ತದೆ. ದೈವ ಮೊದಲು ಕರೆಯುವುದು ಅಣ್ಣನನ್ನು. ತಾನು ಅಲ್ಲೇ ಇದ್ದರೂ ಅಂಗಳದ ಜನರಲ್ಲಿ ಒಬ್ಬ. ಇನ್ನು ಕೋರ್ಟಿನ ಅಮೀನ ಬರುತ್ತಾನೆ, ಮನೆಯ ಒಳಹೊಕ್ಕು ಪಾತ್ರೆ ಪರಡಿ ಎಲ್ಲ ಪಟ್ಟಿ ಮಾಡುತ್ತಾನೆ, ಅವನು ಬರೆದದ್ದೆಲ್ಲ ಸರಕಾರದ ವಶ ಎಂದು ದೊಡ್ಡವರು ಪಿಸುಗುಟ್ಟುತ್ತಿದ್ದರು. ಅಳುವ ತಮ್ಮನನ್ನು ಅಮ್ಮ ಅಮೀನ ಬರುತ್ತಾನೆ ಎಂದೇ ಹೆದರಿಸುತ್ತಿದ್ದಳು. ಅವನಿಗೆ ಕಣ್ಣಿಲ್ಲ, ಬೆನ್ನ ಮೇಲೆ ಚೀಲ ಇದೆ ಎಂದು ನಾನೇ ಊಹಿಸಿಕೊಂಡಿದ್ದೆ. ಅಂಥವನನ್ನು ಐಸುವಿನ ಮನೆಯವರು ದಿನಾ ಸಂಜೆ ಕೈ ಎತ್ತಿ, ಮಕ್ಕಳೂ ಸೇರಿಕೊಂಡು, ಅಷ್ಟು ಪ್ರೀತಿಯಿಂದ ಏಕೆ ಕರೆಯುತ್ತಾರೆ ಎಂದು ನನಗೆ ಭಯವಾಗುತ್ತಿತ್ತು. ಅವಳನ್ನು ಕೇಳಿದರೆ ಅವನು ನಿಜವಾಗಿ ಬಂದುಬಿಟ್ಟಾನು ಎಂದು ಬಾಯಿ ಬಿಡಲಿಲ್ಲ.

ಬಂದೇಬಿಟ್ಟ. ದೊಡ್ಡಮಾವ ದೈವದ ಬೆಳ್ಳಿಯನ್ನು ಸೋಮವಾರ ಬರ್ಕೆ ಮನೆಗೆ ಸಾಗಿಸಬೇಕೆಂದಿದ್ದರು, ಅಮೀನ ಶನಿವಾರವೇ ಬಂದ. ಕಣ್ಣೂ ಇತ್ತು, ಕನ್ನಡಕವೂ ಇತ್ತು, ಬಿಸಿಲಿಗೆ ಬೆವರಿ ಅಮ್ಮನ ಹತ್ತಿರ ಮಜ್ಜಿಗೆ ಕೇಳಿ ಕುಡಿದ. ಚಪ್ಪಲಿ ಬಿಟ್ಟು, ಪಾಪ, ದೈವದ ಕೋಣೆಯ ಹೊಸ್ತಿಲಿಗೆ ಕೈಮುಗಿದೇ ಒಳಗೆ ಹೋದ. ಅವನು ಬರೆದುಕೊಂಡದ್ದನ್ನು ಗುಮಾಸ್ತ ಗಟ್ಟಿಯಾಗಿ ಓದಿದ: ತೂಗುಮಂಚ ಒಂದು, ಹಿತ್ತಾಳೆ ಗಂಟೆ ಒಂದು, ಹಳೆ ಬೆಳ್ಳಿಯ ಕತ್ತಿ ಒಂದು. ಸುತ್ತಿನ ಊರಿಗೆ ದೊರೆಯಾದದ್ದು ಆ ಕಾಗದದಲ್ಲಿ ಹಳೆ ಕತ್ತಿಯಾಗಿ ಕೂತಿತು. ಸಾಮಾನನ್ನು ಕೋಣೆಯಲ್ಲೇ ಬಿಟ್ಟು, ಪಟ್ಟಿಗೆ ದೊಡ್ಡಮಾವನ ರುಜು ಹಾಕಿಸಿಕೊಂಡು ಅವನು ಹೋದದ್ದನ್ನು ನಾನು ಕಂಬದ ಹಿಂದಿನಿಂದ ನೋಡಿದೆ. ಅಂದಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ, ಊಟದಲ್ಲಿ, ಬಾವಿಕಟ್ಟೆಯಲ್ಲಿ, ಚಾವಡಿಯಲ್ಲಿ: ಸೋಮವಾರದ ಗುಟ್ಟು ಗೊತ್ತಿದ್ದು ಅಮೀನನನ್ನು ಶನಿವಾರವೇ ಕರೆದವರು ಯಾರು?

ಮುಂದಿನ ವಾರ ತಂಬಿಲ. ಕರೆ ಮುಗಿಯಿತು, ಎಲ್ಲ ಮನೆಯವರೂ ಇದ್ದೇವೆ ಎಂದರು, ಅದ್ರಾಮ ಬ್ಯಾರಿಯೂ ಎಂದರು. ಆಮೇಲೆ ದೊಡ್ಡಮಾವ ಕೈಮುಗಿದು ದೈವದ ಮುಂದೆ ಆ ಪ್ರಶ್ನೆ ಇಟ್ಟರು. ಪಾತ್ರಿ ಕತ್ತಿ ಹಿಡಿದು ಅಂಗಳದ ಸುತ್ತ ನಡೆದ. ಒಬ್ಬೊಬ್ಬರ ಎದುರು ನಿಂತು, ಕಣ್ಣು ಮೇಲೆ ಹೋದ ಆ ಮುಖದಲ್ಲಿ, ನೀನು ಬಲ್ಲೆಯಾ ಎಂದು ಕೇಳುತ್ತಾ ಬಂದ. ಬಲ್ಲವರು ಮುಚ್ಚಿಟ್ಟರೆ ವಂಶಕ್ಕೆ ತಟ್ಟುತ್ತದೆ. ಬೀಡಿಯ ವಾಸನೆಯೂ ಸಂಪಿಗೆಯ ವಾಸನೆಯೂ ಕೂಡಿ ಹತ್ತಿರವಾದಾಗ ನನ್ನ ಕಾಲ ಕೆಳಗೆ ಒದ್ದೆಯಾಯಿತು. ಏಳು ವರ್ಷದ ಹೆಣ್ಣುಮಗುವಿಗೆ ಆ ಮನೆಯಲ್ಲಿ ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ನಾನು ಬಲ್ಲೆನಲ್ಲ.

"ಅದ್ರಾಮ ಬ್ಯಾರಿ ಅಮೀನನನ್ನು ಕರೆಯುವುದು ನಾನು ಕೇಳಿದ್ದೇನೆ. ದಿನಾ ಕರೆಯುತ್ತಾರೆ."

ದಿನಾ ಎಂಬ ಮಾತನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಹಿಡಿದಿದ್ದರೆ ನಕ್ಕು ಮುಗಿದುಹೋಗುತ್ತಿತ್ತು. ಬ್ಯಾರಿ ಸಣ್ಣಮಾವನ ಮನೆಗೂ ಎಣ್ಣೆ ಕೊಡುವವರು, ಎರಡೂ ಕಡೆ ಹೋಗಿ ಬರುವವರು. ದೊಡ್ಡಮಾವನಿಗೆ ಒಬ್ಬ ಬೇಕಿತ್ತು, ಸಿಕ್ಕಿದ. ಹೌದಾ ಬ್ಯಾರಿ ಎಂದು ಕೇಳಿದರು. ಅದ್ರಾಮ ಬ್ಯಾರಿ ನನ್ನನ್ನು ನೋಡಿದರು. ಆ ನೋಟದಲ್ಲಿ ಮೊದಲು ಆಶ್ಚರ್ಯ ಇತ್ತು, ಆಮೇಲೆ ಏನೋ ತಿಳಿದಂತೆ ಹುಬ್ಬು ಸಡಿಲವಾಯಿತು. ಆಮೇಲೆ ನನ್ನ ಒದ್ದೆ ಲಂಗವನ್ನು ನೋಡಿದರು.

"ಮಗು ಕೇಳಿದ್ದು ಸುಳ್ಳಲ್ಲ, ಧಣಿಗಳೇ. ಆ ಮಾತು ನನ್ನ ಬಾಯಲ್ಲಿ ಬರುವುದುಂಟು."

ಪಾತ್ರಿ ಕತ್ತಿಯನ್ನು ನೆಲಕ್ಕೆ ಊರಿ ನುಡಿ ಕೊಟ್ಟ.

"ಕರೆದವನಿಗೆ ಇನ್ನು ಕರೆ ಇಲ್ಲ."

ಅದ್ರಾಮ ಬ್ಯಾರಿ ಡಬ್ಬವನ್ನು ಅಲ್ಲೇ ಬಿಟ್ಟು, ದೈವಕ್ಕೆ ಬೆನ್ನು ಮಾಡದೆ, ನಾಲ್ಕು ಹೆಜ್ಜೆ ಹಿಂದಕ್ಕೆ ಹಿಂದಕ್ಕೆ ನಡೆದು, ಆಮೇಲೆ ತಿರುಗಿ ಹೋದರು. ಅಮ್ಮ ಅಂದು ನನಗೆ ಹಾಲು ಹೆಚ್ಚು ಹಾಕಿದ ಪಾಯಸ ಬಡಿಸಿದಳು. ದೈವದ ಮುಂದೆ ಸತ್ಯ ಹೇಳಿದ ಹುಡುಗಿ ಎಂದು ಬರ್ಕೆಯವರು ತಲೆ ಸವರಿದರು. ಐಸುವಿನ ಮನೆಯವರು ಆ ಬೇಸಿಗೆಯಲ್ಲೇ ಹೊಳೆಯಾಚೆ ಹೋದರು. ಮುಂದಿನ ತಂಬಿಲದಲ್ಲಿ ಪಾತ್ರಿ ಕರೆಯುತ್ತಾ ಬಂದ: ಗುತ್ತಿನ ದೊಡ್ಡವರೇ, ಬರ್ಕೆಯವರೇ, ಮೂಡುಮನೆಯವರೇ. ಅಲ್ಲಿ ಅವನ ನಾಲಿಗೆ ಹಳೆಯ ಅಭ್ಯಾಸಕ್ಕೆ ಒಂದು ಕ್ಷಣ ನಿಂತಿತು. ಒಂದು ಉಸಿರಿನಷ್ಟು ಖಾಲಿ ಜಾಗ. ಆಮೇಲೆ ದೀಟಿಗೆ ಹಿಡಿಯುವವರೇ ಎಂದ. ಪ್ರತಿ ವರ್ಷ ಆ ಉಸಿರು ಅಲ್ಲೇ ನಿಲ್ಲುತ್ತಿತ್ತು. ಅವನು ಸತ್ತು ಅವನ ಮಗ ಪಾತ್ರಿಯಾದಾಗ, ಎಣ್ಣೆಯ ಮನೆಯ ಸುದ್ದಿಯೇ ಗೊತ್ತಿಲ್ಲದ ಆ ಮಗನೂ ಅಲ್ಲಿ ನಿಲ್ಲುತ್ತಿದ್ದ, ಅಪ್ಪನಿಂದ ಕಲಿತದ್ದು ಹಾಗೆ. ಊರಿನವರಿಗೆಲ್ಲ ಅದು ಕರೆಯ ಒಂದು ಲಯವಾಯಿತು. ನನಗೆ ಮಾತ್ರ ಆ ಉಸಿರಿನಲ್ಲಿ ಬಿಳಿ ವಸ್ತ್ರ ಕಾಣಿಸುತ್ತಿತ್ತು.

ಇನ್ನೊಂದು ಸಂಗತಿ. ಕರೆ ನಿಂತ ಮುಂದಿನ ವರ್ಷ ತಂಬಿಲದ ದಿನ ಅಮ್ಮ ನೀರಿಗೆ ಹೋದಾಗ, ತಡಮೆಯ ಬುಡದಲ್ಲಿ ತುಂಬಿದ ಎಣ್ಣೆಯ ಡಬ್ಬ ಇತ್ತು. ತಂದವರು ಯಾರೂ ಇಲ್ಲ. ಅದರ ಮುಂದಿನ ವರ್ಷವೂ ಇತ್ತು. ದೈವ ತನಗೆ ಬೇಕಾದ್ದನ್ನು ತಾನೇ ತರಿಸಿಕೊಳ್ಳುತ್ತದೆ ಎಂದು ದೊಡ್ಡಮಾವ ಚಾವಡಿಯಲ್ಲಿ ಸಾರಿದರು. ಗೊತ್ತಿದ್ದವರು ಗೊತ್ತಿಲ್ಲದ ಹಾಗೆ ಇದ್ದರೋ ಏನೋ, ಹೇಳಲಾರೆ. ಎಣ್ಣೆ ಸುರಿದ ಮೇಲೆ ಖಾಲಿ ಡಬ್ಬವನ್ನು ಎಸೆಯದೆ, ದೈವದ ಕೋಣೆಯ ಮೂಲೆಯಲ್ಲಿಟ್ಟು, ಗಂಧ ಹಚ್ಚಿ ಹೂವಿಡುತ್ತಿದ್ದರು. ಮೂಲೆಯಲ್ಲಿ ಸಾಲಾಗಿ ಅವು ಬೆಳೆಯುತ್ತಾ ಹೋದವು. ಬಾಗಿಲು ತೆರೆದಿದ್ದರೆ ಊಟಕ್ಕೆ ಕೂತಲ್ಲಿಂದ ನನಗೆ ಕಾಣುತ್ತಿದ್ದವು. ಅವು ನನ್ನನ್ನೇ ನೋಡುತ್ತವೆ ಎನಿಸಿ ನಾನು ಬೆನ್ನು ತಿರುಗಿಸಿ ಉಣ್ಣಲು ಕಲಿತೆ.

ಅಮೀನ ಬೇರೆ, ಆಮೀನ್ ಬೇರೆ ಎಂದು ನನಗೆ ತಿಳಿದದ್ದು ಹನ್ನೆರಡನೇ ವಯಸ್ಸಿಗೆ, ಕೊಂಕಣಿ ಕ್ರಿಸ್ತಾನರ ಮದುವೆಯೊಂದರಲ್ಲಿ. ಪಾದ್ರಿ ಏನೋ ಹೇಳಿ ನಿಲ್ಲಿಸಿದಾಗ ಇಗರ್ಜಿ ತುಂಬ ಜನ ಆಮೆನ್ ಎಂದರು. ಎಲ್ಲರೂ ಯಾಕೆ ಅಮೀನನನ್ನು ಕರೆಯುವುದು ಎಂದು ಪಕ್ಕದ ಬಾಯಮ್ಮನನ್ನು ಕೇಳಿದೆ. ಅವರು ನಗುತ್ತಾ ಬಿಡಿಸಿ ಹೇಳಿದರು. ಊಟಕ್ಕೂ ನಿಲ್ಲದೆ ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒರಳಿನ ಕಲ್ಲು ತಿರುಗಿಸುವುದನ್ನು ನಿಲ್ಲಿಸಿದಳು.

"ದೈವದ ನುಡಿ ಹೊರಗೆ ಬಿದ್ದಾಗಿದೆ. ಅದು ತಪ್ಪು ಅಂತಾದರೆ ಮಾವನ ಪೀಠ ಎಲ್ಲಿ ನಿಲ್ಲುವುದು, ನಾವೆಲ್ಲಿ ನಿಲ್ಲುವುದು? ನುಂಗಿಕೋ ಮಗ."

ನುಂಗಿಕೊಂಡೆ. ದಿಯಾಳ ಪಾಠದಲ್ಲಿ ಈ ಪ್ರಶ್ನೆ ಇದೆಯೋ ಇಲ್ಲವೋ ನಾನರಿಯೆ, ಆದರೆ ಇರಬೇಕು: ರಾಜನೂ ದೇವರೂ ಒಂದೇ ಪೀಠದಲ್ಲಿ ಕೂತರೆ, ತಪ್ಪಾಯಿತು ಎಂದು ಹೇಳಿಕೊಳ್ಳುವುದು ಯಾರ ಮುಂದೆ? ಸಣ್ಣಮಾವನ ದಾವೆ ಎಷ್ಟೋ ವರ್ಷ ನಡೆದು ರಾಜಿಯಾಯಿತು. ಅಮೀನನನ್ನು ಯಾರೂ ಕರೆಯಬೇಕಾಗಿಲ್ಲ, ಅವನನ್ನು ಕೋರ್ಟೇ ದಿನ ನೋಡಿ ಕಳಿಸುತ್ತದೆ ಎಂದು ನನಗೆ ಮದುವೆಯಾದ ಮೇಲೆ ಗಂಡ ಹೇಳಿದರು. ನಾನು ಮಾತು ಜಾಸ್ತಿ ಎಂದು ನೀವು ಆಗಲೇ ಅಂದುಕೊಂಡಿರಬಹುದು. ಹೌದು, ಒಂದು ಮಾತನ್ನು ಮುಚ್ಚಿಡಲು ನೂರು ಮಾತು ಆಡುವ ಅಭ್ಯಾಸ ನನಗೆ ಆ ಒರಳಿನ ಹತ್ತಿರ ಶುರುವಾಯಿತು.

ಈ ಅಬು ಹಲೀಫಾದ ಮನೆಯ ಹಿಂದೆಯೇ ಮಸೀದಿ. ಸಂಜೆಯ ನಮಾಜಿನಲ್ಲಿ ನೂರಾರು ಗಂಡಸರು ಒಟ್ಟಿಗೆ ಆಮೀನ್ ಎನ್ನುವುದು ನಾಲ್ಕನೇ ಮಾಳಿಗೆಗೆ ಅಲೆಯ ಹಾಗೆ ಬರುತ್ತದೆ. ಹನ್ನೆರಡು ವರ್ಷದಿಂದ ಆ ಹೊತ್ತಿಗೆ ಸರಿಯಾಗಿ ನಾನು ಬಾಲ್ಕನಿಯ ಬಾಗಿಲು ಮುಚ್ಚುತ್ತೇನೆ. ಧೂಳು ಎಂದು ಶಶಿಗೆ ಹೇಳಿದ್ದೇನೆ. ರಾಜ ಯಾರು ಎಂದು ದಿಯಾ ಕೇಳಿದ ಸಂಜೆ ಮುಚ್ಚಲು ಎದ್ದವಳು ಅರ್ಧಕ್ಕೆ ನಿಂತು, ಮಗಳು ಅಳಿಯ ಮೊಮ್ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಟ್ಟೆ. ಅಳಿಯ ಎಣ್ಣೆ ಕಂಪೆನಿಯಲ್ಲಿ ಕೆಲಸದವನು, ಸ್ವಲ್ಪ ಅರಬ್ಬಿ ಬರುತ್ತದೆ. ಕೋರ್ಟಿನ ಅಮೀನನದ್ದೂ ಅರಬ್ಬಿ ಮಾತೇ, ನಂಬಿಕೆಗೆ ಅರ್ಹ ಎಂದು ಅರ್ಥ, ತಮ್ಮ ಉಗ್ರಾಣ ನೋಡಿಕೊಳ್ಳುವವನನ್ನೂ ಇಲ್ಲಿ ಅಮೀನ್ ಎನ್ನುತ್ತಾರೆ ಎಂದ. ಹಾಗಾದರೆ ಅಂದು ನಮ್ಮ ಅಂಗಳದಲ್ಲಿ ಅಮೀನ ಎನ್ನಿಸಿಕೊಳ್ಳುವವರು ಒಬ್ಬರೇ ಇದ್ದರು. ಶಶಿ ಅತ್ತಳು. ದಿಯಾ ಅಳಲಿಲ್ಲ. ಅವಳು ಅಮ್ಮನ ಫೋನು ತೆಗೆದು, ಊರಿನವರ ಗುಂಪಿಗೆ ನನ್ನಿಂದಲೇ ಮಾತಾಡಿಸಿದಳು: ಹೊಳೆಬದಿಯ ಎಣ್ಣೆಯ ಅದ್ರಾಮ ಬ್ಯಾರಿಯವರ ಮಗಳು ಐಸಮ್ಮ ಎಲ್ಲಿದ್ದಾರೆ, ಬಲ್ಲವರು ತಿಳಿಸಿ. ಎರಡು ದಿನದಲ್ಲಿ ಉತ್ತರ ಬಂತು. ಐಸು ಕುವೈಟಿನಲ್ಲೇ ಇದ್ದಳು. ಅವಳ ಮಗನಿಗೆ ಇಲ್ಲಿಯ ರಾಯ್‌ನಲ್ಲಿ ಟಯರ್ ಅಂಗಡಿ. ಎರಡು ತಿಂಗಳಿಂದ ಮಗನ ಮನೆಯಲ್ಲಿ ಕೂತು ಬೇಜಾರು ಬಂದು, ಊರಿಗೆ ಕಳಿಸು ಎಂದು ಜಗಳವಾಡುತ್ತಿದ್ದಳಂತೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಮಗ ಅವಳನ್ನು ತಂದು ಬಿಟ್ಟ. ಲಿಫ್ಟಿನಿಂದ ಇಳಿದ ಮುದುಕಿಯಲ್ಲಿ ನನಗೆ ಐಸು ಕಾಣಲಿಲ್ಲ. ಅವಳು ಕೈಚೀಲದಿಂದ ಬಟ್ಟೆಯಲ್ಲಿ ಕಟ್ಟಿದ ಪತ್ತಿರ್ ತೆಗೆದು, ತಿಂದ ಮೇಲೆ ಬಾಯಿ ಒರೆಸಿಕೋ ಎಂದಾಗ ಕಂಡಳು. ನಾನು ಅವಳನ್ನು ಸೋಫಾದ ಮೇಲೆ ಕೂರಿಸಿ, ಅಕ್ಕಿಯ ಪುಂಡಿ ಕಡುಬನ್ನೂ ಬೂತಾಯಿ ಪುಳಿಮುಂಚಿ ಸಾರನ್ನೂ ಮಗಳ ಒಳ್ಳೆಯ ತಟ್ಟೆಯಲ್ಲಿ ಬಡಿಸಿ, ನೀರಿನ ಲೋಟವನ್ನು ಅವಳ ಕೈಯಲ್ಲೇ ಇಟ್ಟೆ. ಇಬ್ಬರಿಗೂ ಆ ಲೋಟ ಕಂಡಿತು. ಆಮೇಲೆ ನಾನು ಕೆಳಗೆ ನೆಲದ ಮೇಲೆ ಕೂತು, ಹೇಳಬೇಕಾದ್ದನ್ನು ಹೇಳಿದೆ. ಅವಳು ಪುಂಡಿಯನ್ನು ಸಾರಿನಲ್ಲಿ ಅದ್ದುತ್ತಾ ಪೂರ್ತಿ ಕೇಳಿದಳು.

"ಅದು ನಮಗೆ ಅಂದೇ ಗೊತ್ತುಂಟು ಮಾರಾಯ್ತಿ. ಬಾಪ ಮನೆಗೆ ಬಂದು ಉಮ್ಮನ ಹತ್ತಿರ ಹೇಳಿ ನಕ್ಕಿದ್ದರು. ಉಮ್ಮ ನಗಲಿಲ್ಲ. ಬಾಯಿಬಿಟ್ಟು ಹೇಳುವುದಲ್ಲವಾ ಅಂತ ಬೈದಳು. ಎಂತ ಹೇಳುವುದು, ದೈವದ ಮುಂದೆ ಮಗು ತಪ್ಪು ಹೇಳಿತು ಅಂತ ಹೇಳಿದರೆ ಆ ಮಗುವಿನ ಬೆನ್ನ ಮೇಲೆ ಬರೆ ಬೀಳುತ್ತದೆ, ಆಗಲೇ ಹೆದರಿ ಉಚ್ಚೆ ಹೊಯ್ದಿತ್ತು ಅಂದರು ಬಾಪ."

ದಿಯಾ ಅಜ್ಜಿ ಉಚ್ಚೆ ಹೊಯ್ದದ್ದು ಕೇಳಿ ಕಿಸಕ್ಕನೆ ನಕ್ಕಳು, ಐಸುವೂ ನಕ್ಕಳು. ಆಮೇಲೆ ಅವಳು ಮುಖ ಗಂಭೀರ ಮಾಡಿ, ಇನ್ನೊಂದು ವಿಷಯ ಉಂಟು ಎಂದಳು.

"ನಮ್ಮ ಡಬ್ಬಗಳೆಲ್ಲ ಎಲ್ಲಿ? ವರ್ಷಕ್ಕೊಂದು ಹೋಗುತ್ತಿತ್ತು, ವಾಪಸ್ ಬರಲೇ ಇಲ್ಲ. ದೋಣಿ ದಾಟಿಸಿ ಹೊತ್ತುಕೊಂಡು ಹೋಗಿ ಇಟ್ಟು ಬರುತ್ತೀರಿ, ಡಬ್ಬ ತರಲಿಕ್ಕೆ ಎಂತ ರೋಗ ಅಂತ ಉಮ್ಮ ಪ್ರತಿ ವರ್ಷ ಬಾಪನಿಗೆ ಬೈಯುವುದು."

ಡಬ್ಬಗಳಿಗೆ ನಾವು ಗಂಧ ಹಚ್ಚಿ ಹೂವಿಟ್ಟ ಸಂಗತಿ ಹೇಳಿದೆ. ಐಸು ಉಂಡ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದುಕೊಂಡು ನಗುತ್ತಾ ನಗುತ್ತಾ ಕಣ್ಣೀರು ಸುರಿಸಿದಳು. ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ ಡಬ್ಬ ಬರುವುದು ನಿಂತಿತ್ತು, ದೈವ ಮುನಿಯಿತು ಎಂದು ಮನೆಯವರು ಜೋಯಿಸರ ಹತ್ತಿರ ಓಡಾಡಿದ್ದರು. ಅದನ್ನೂ ಹೇಳಿದೆ. ಬಾಪ ಹೋದದ್ದು ಆ ವರ್ಷ ಎಂದಳು. ಕರೆಯುವುದು ಅವರ ಕೆಲಸ, ಎಣ್ಣೆ ಕೊಡುವುದು ನಮ್ಮ ಕೆಲಸ, ಅವರು ಬಿಟ್ಟರೆಂದು ನಾವು ಬಿಡಬೇಕಾಗಿಲ್ಲ ಎನ್ನುತ್ತಿದ್ದರಂತೆ. ಅಷ್ಟರಲ್ಲಿ ಹಿಂದಿನ ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು. ಐಸು ಕೈ ತೊಳೆದು ವಜು ಮಾಡಿ ದಿಯಾಳ ಕೋಣೆಯಲ್ಲಿ ನಮಾಜಿಗೆ ನಿಂತಳು. ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಆ ಅಲೆ ಬಂದು ಹೋಯಿತು. ನಾನು ಕೂತಲ್ಲಿಂದ ಏಳಲಿಲ್ಲ.

ಅವಳು ಮರಳಿ ಬಂದು ಸೋಫಾದ ಮೇಲೆ ಕಾಲು ಮಡಚಿ ಕೂತ ಮೇಲೆ, ದಿಯಾ ನನ್ನ ಮುಂದೆ ಫೋನು ಹಿಡಿದಳು. ಪಾಠಕ್ಕೆ ಬೇಕಂತೆ, ಕರೆಯುವುದು ಹೇಗೆಂದು ಹೇಳಿ ತೋರಿಸಬೇಕಂತೆ. ಹೆಂಗಸರ ಬಾಯಲ್ಲಿ ಅದು ಬರಕೂಡದು. ದೈವದ್ದಲ್ಲ, ಪಾಠದ್ದು ಎಂದು ಮನಸ್ಸಿನಲ್ಲೇ ಕೈಮುಗಿದು ಶುರುಮಾಡಿದೆ. ಗುತ್ತಿನ ದೊಡ್ಡವರೇ. ಬರ್ಕೆಯವರೇ. ಮೂಡುಮನೆಯವರೇ. ಮುಂದಿನ ಹೆಸರು ನನ್ನ ಮನಸ್ಸಿನಲ್ಲಿತ್ತು, ಹೇಳಬೇಕೆಂದೇ ಇದ್ದೆ. ಆದರೆ ಅಷ್ಟು ವರ್ಷ ಕೇಳಿ ಕೇಳಿ ಪಳಗಿದ ನಾಲಿಗೆ, ಪಾತ್ರಿಯ ನಾಲಿಗೆಯ ಹಾಗೆಯೇ, ಅಲ್ಲಿ ಬಂದು ನಿಂತುಬಿಟ್ಟಿತು. ಅದೇ ಒಂದು ಉಸಿರು, ಅದೇ ಖಾಲಿ ಜಾಗ. ದಿಯಾ ಫೋನಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು.

"ಇದ್ದೇವೆ," ಎಂದಳು ಐಸು.

ಆಮೇಲೆ ನಾನು ಮುಂದಿನ ಮನೆಯವರನ್ನು ಕರೆದೆ.